ಹುಳ ಮೇಯುವ ಸದ್ದಿಗಿಂತ ಕಮ್ಮಿ

ನಮ್ಮ ಸೋದರಮಾವನಿಗೆ ಸದ್ದು ಕಂಡರೆ ಆಗುವುದಿಲ್ಲ. ತನ್ನದೊಂದನ್ನು ಬಿಟ್ಟು!

ತನ್ನದು ಎಂದರೆ ಅಂತಿಂಥದ್ದಲ್ಲ. ಕಿರುಗಾವಲಿನ ಹತ್ತಿರದ ಹಳ್ಳಿಯಲ್ಲಿ ಕುಳಿತು ಮಂಡ್ಯದಲ್ಲಿರುವ ನನಗೆ ಫೋನು ಮಾಡುತ್ತಾನಲ್ಲ, ಆ ಫೋನು ಯಾತಕ್ಕೆ ಎಂದು ಎಷ್ಟೋ ಸಲ ನನಗೆ ಅನ್ನಿಸಿದೆ. ಸುಮ್ಮನೆ ಕಿಟಕಿ ತೆಗೆದು ಮಾತಾಡಿದರೂ ಬಂದು ಮುಟ್ಟುತ್ತದೆ. ಅವನ ಕರೆ ಬಂದರೆ ನಾನು ಸ್ಟಾಫ್ ರೂಮಿನಿಂದೆದ್ದು ಶಾಲೆಯ ಮೈದಾನದ ನಡುವಿಗೆ ಹೋಗಿ ನಿಲ್ಲುತ್ತೇನೆ. ವಾಪಸು ಬಂದರೆ ನಮ್ಮ ಗಣಿತದ ಮೇಡಂ, "ನಿಮ್ಮ ಮಾವನ ಮನೇಲಿ ಈ ಸಲ ಗೂಡು ಚೆನ್ನಾಗಿ ಕಟ್ಟಿದೆಯಂತೆ?" ಎಂದು ಕುಶಲ ವಿಚಾರಿಸುತ್ತಾರೆ! ಮೊದಲೂ ಗಂಟಲು ದೊಡ್ಡದೇ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಈ ಮೂರು ವರ್ಷದಿಂದೀಚೆಗೆ ಅದು ವಿಪರೀತಕ್ಕೆ ಹೋಗಿದೆ. 'ನೀರು ಕೊಡು' ಅನ್ನುವುದನ್ನೂ ಊರಿಗೆ ಬೆಂಕಿ ಬಿದ್ದವರ ಹಾಗೆ ಹೇಳುತ್ತಾನೆ.

ಇಂಥ ಮನುಷ್ಯ ಹೋದ ವರ್ಷ ಒಂದು ಪಣ ತೊಟ್ಟ. ಏನೆಂದು? ಸದ್ದೇ ಮಾಡದ ಕಂಪ್ಯೂಟರನ್ನು ಕೈಯಾರೆ ಕಟ್ಟುತ್ತೇನೆ, ಅದನ್ನು ದೊಡ್ಡ ಟೀವಿಗೆ ಸಿಕ್ಕಿಸಿ ಮನೆಯ ಹಜಾರವನ್ನೇ ಟಾಕೀಸು ಮಾಡುತ್ತೇನೆ, ಅದರಲ್ಲಿ ಸಿನಿಮಾವೂ ಬರಬೇಕು, ಗೇಮೂ ಆಡಬೇಕು, ಉಸಿರು ಮಾತ್ರ ಬಿಡಬಾರದು!

(ಮಾವನನ್ನು ಹೀಗೆ ಏಕವಚನದಲ್ಲಿ ಕರೆಯುತ್ತೇನೆಂದು ಯಾರೂ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಸೋದರಮಾವನಿಗೆ ಬಹುವಚನ ಹಚ್ಚಿದರೆ ಅವತ್ತು ಅವನ ಮೇಲೆ ಕೋಪ ಬಂದಿದೆ ಎಂದೇ ಅರ್ಥ. ಈ ಕಥೆಯಲ್ಲೂ ಒಂದು ಕಡೆ ಬಹುವಚನ ಬರುತ್ತದೆ, ಕಾಯಿರಿ.)

ಮಾವ, ಅತ್ತೆ ಇಬ್ಬರೂ ರೇಷ್ಮೆ ಹುಳ ಸಾಕುವವರು. ಹಜಾರಕ್ಕೆ ಹೊಂದಿಕೊಂಡ ಉದ್ದನೆಯ ಕೋಣೆಯೇ ಅವರ ಹುಳದ ಮನೆ, ನಡುವೆ ಒಂದೇ ಬಾಗಿಲು. ಹುಳ ದೊಡ್ಡದಾಗುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿಸಲವೂ ಮೇವು ಬಿಟ್ಟು, ತಲೆಯೆತ್ತಿಕೊಂಡು, ಅಲ್ಲಾಡದೆ ಮಲಗುತ್ತದೆ. ಅದಕ್ಕೆ ನಮ್ಮವರು 'ಜ್ವರ' ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದು ಎದ್ದ ಹುಳಕ್ಕೆ ಹಸಿವೋ ಹಸಿವು. ಆಗ ಹಿಪ್ಪುನೇರಳೆ ಸೊಪ್ಪು ಹಾಕಿ ಕೋಣೆಯಲ್ಲಿ ಸುಮ್ಮನೆ ನಿಂತು ನೋಡಬೇಕು, ಅಲ್ಲ, ಕೇಳಬೇಕು! ಹೆಂಚಿನ ಮೇಲೆ ತುಂತುರು ಬಿದ್ದ ಹಾಗೆ ಒಂದು ಸದ್ದು. ಅಷ್ಟೂ ಹುಳ ಒಟ್ಟಿಗೆ ಸೊಪ್ಪು ಮೇಯುವ ಸದ್ದದು.

ನಾನು ಚಿಕ್ಕವಳಿದ್ದಾಗ ರಜೆಗೆ ಹೋದರೆ ಅತ್ತೆಯ ಒಂದು ವಿದ್ಯೆ ನೋಡಿ ಬೆರಗಾಗುತ್ತಿದ್ದೆ. ಹುಳದ ಮನೆಯ ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿದ್ದು, "ಆ ಮೂಲೆ ತಟ್ಟೇಲಿ ಸೊಪ್ಪು ಸಾಲ್ದಾಗದೆ" ಅನ್ನುತ್ತಿದ್ದಳು. ಹೋಗಿ ನೋಡಿದರೆ ನಿಜವಾಗಿ ಅಲ್ಲಿ ಬರೀ ಕಡ್ಡಿ ಉಳಿದಿರುತ್ತಿತ್ತು! ಹುಳಕ್ಕೆ ಮೈ ಸರಿಯಿಲ್ಲದಿದ್ದರೂ ಮೇಯುವ ಸದ್ದಿನಲ್ಲೇ ಹೇಳಿಬಿಡುತ್ತಿದ್ದಳು. ಈಗೀಗ ಹಾಗೆ ಹೊಸ್ತಿಲಲ್ಲಿ ನಿಲ್ಲುವುದಿಲ್ಲ, ತಟ್ಟೆ ತಟ್ಟೆಯನ್ನೂ ಎಳೆದು ಕಣ್ಣಲ್ಲಿ ನೋಡುತ್ತಾಳೆ. ವಯಸ್ಸಾಗುತ್ತ ಹುಷಾರು ಜಾಸ್ತಿಯಾಗಿದೆ ಎಂದುಕೊಂಡಿದ್ದೆ.

ಜಾಸ್ತಿಯಾದದ್ದು ಹುಷಾರೊಂದೇ ಅಲ್ಲ, ಗತ್ತೂ ಕೂಡ ಎಂಬುದು ನಮ್ಮ ನೆಂಟರ ದೂರು. ಹಿಂದಿನಿಂದ ಕರೆದರೆ ಅತ್ತೆ ತಿರುಗುವುದಿಲ್ಲವಂತೆ. ಮದುವೆ ಮನೆಯಲ್ಲಿ ಮಾತಾಡಿಸಿದರೆ ಒಂದು ನಗು ನಕ್ಕು ಮುಂದೆ ಹೋಗುತ್ತಾಳಂತೆ. "ಗೂಡಿಗೆ ಒಳ್ಳೆ ರೇಟು ಬಂತಲ್ಲ, ಇನ್ನು ನಾವೆಲ್ಲ ಕಣ್ಣಿಗೆ ಬೀಳ್ತೀವಾ" ಎಂದು ನಮ್ಮ ದೊಡ್ಡಮ್ಮ ಆಡಿಕೊಂಡಿದ್ದಳು. ನಾನೂ ಹೂಂಗುಟ್ಟಿದ್ದೆ. ಸುಳ್ಳೇಕೆ ಹೇಳಲಿ?

ಇರಲಿ, ಕಂಪ್ಯೂಟರಿಗೆ ಬರೋಣ. ಮಾವ ಮೊದಲು ಗೋಡೆಯಗಲದ ಟೀವಿ ತಂದ. ಆಮೇಲೆ ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರೊಂದನ್ನು ತಂದು ಅದಕ್ಕೆ ಸಿಕ್ಕಿಸಿದ. ಸಂಕ್ರಾಂತಿಯ ಮಾರನೇ ದಿನ, ನಾನೂ ಅಲ್ಲೇ ಇದ್ದೆ. ಸ್ವಿಚ್ಚು ಒತ್ತಿದ ಕೂಡಲೇ ಅದು ರಾಗಿ ಮಿಲ್ಲಿನಂತೆ ಗೊರ್ ಎಂದು ಶುರುವಾಯಿತು. ಸಿನಿಮಾದಲ್ಲಿ ನಾಯಕಿ ಅಳುತ್ತಿದ್ದಾಳೋ ಹಿಟ್ಟು ಬೀಸುತ್ತಿದ್ದಾಳೋ ತಿಳಿಯದ ಸ್ಥಿತಿ. ಎರಡು ನಿಮಿಷಕ್ಕೆ ಅತ್ತೆ ಹಣೆ ಹಿಡಿದುಕೊಂಡು ಎದ್ದೇಬಿಟ್ಟಳು.

"ಯಾಕೆ ಎದ್ಬುಟ್ಟೆ?" ಮಾವ ಅರಚಿದ.

"ಆ ಮಿಸೀನು ಗೊರ್ ಅಂತದೆ. ಒಳ್ಗೆ ಕೂರಕಾಗಕಿಲ್ಲ. ನೀವೇ ನೋಡ್ಕಳಿ" ಎಂದವಳೇ ಜಗಲಿಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ಕುಳಿತಳು.

ನನಗೆ ಸೋಜಿಗ. ಕರೆದರೆ ತಿರುಗದ ಹೆಂಗಸಿಗೆ ಕಂಪ್ಯೂಟರಿನ ಫ್ಯಾನು ಮಾತ್ರ ಹೇಗೆ ಅಷ್ಟು ಚೆನ್ನಾಗಿ ಕೇಳುತ್ತದೆ? ಗತ್ತೇ ಸರಿ ಅಂದುಕೊಂಡು ನಕ್ಕೆ. ಮಾವ ಮಾತ್ರ ನಗಲಿಲ್ಲ. ತೆರೆದ ಬಾಗಿಲಲ್ಲಿ ಕಾಣುತ್ತಿದ್ದ ಅವಳ ಬೆನ್ನನ್ನೇ ನೋಡುತ್ತ ಕುಳಿತಿದ್ದ. ಆಮೇಲೆ ನನ್ನ ಕಡೆ ತಿರುಗಿ ತನ್ನ ಪ್ರತಿಜ್ಞೆ ಮಾಡಿದ.

"ನಿಮ್ಮತ್ತೆ ಇಲ್ಲಿ, ನನ್ ಪಕ್ದಲ್ಲಿ ಕೂತ್ಕಂಡು ಒಂದು ಪಿಚ್ಚರ್ ನೋಡ್ಬೇಕು ಕಣವ್ವ, ಮೊದ್ಲಿಂದ ಕೊನೇಗಂಟ. ಅಲ್ಲೀಗಂಟ ನಾನು ಸುಮ್ಕಿರಕಿಲ್ಲ."

"ನೀನು ಯಾವತ್ತು ಸುಮ್ಮನಿದ್ದೆ ಮಾವ?"

"ಪಿಚ್ಚರ್ ಒಂದೇ ಅಲ್ಲ, ಗೇಮೂ ಆಡಂಗಿರ್ಬೇಕು."

"ನಿನಗ್ಯಾಕೆ ಈ ವಯಸ್ಸಲ್ಲಿ ಗೇಮು?"

"ಅದು ನಂಗೂ ಮಿಸೀನ್ಗೂ ಬುಟ್ಟಿದ್ದು."

ಹೀಗೆ ಮಾವ ಮಂಡ್ಯದ ಕಂಪ್ಯೂಟರ್ ಅಂಗಡಿಗೆ ನುಗ್ಗಿದ. ಅಂಗಡಿಯ ಯಜಮಾನರು ಪಾಪ, ಸಾಧು ಮನುಷ್ಯ. ಫ್ಯಾನು ತೋರಿಸಿ ಎಂದರೆ ತೋರಿಸಿದರು. ಮಾವ ಒಂದೊಂದನ್ನೂ ತಿರುಗಿಸಿ, ತೆಂಗಿನಕಾಯಿ ಆರಿಸುವವನಂತೆ ಕಿವಿಗೆ ಹಿಡಿದು ನೋಡಿದ. ಅವರು ಡಬ್ಬದ ಮೇಲೆ ಬರೆದಿದ್ದ ಡೆಸಿಬೆಲ್ಲಿನ ಲೆಕ್ಕ ಓದಿ ಹೇಳಿದರು. ಮಾವ ಕೈಯಡ್ಡ ಮಾಡಿದ.

"ಆ ನಂಬರೆಲ್ಲ ಬ್ಯಾಡ ಕಣಪ್ಪ. ಉಳ ಸೊಪ್ಪು ಮೇಯೋ ಸದ್ದಿಗಿಂತ ಜಾಸ್ತೀನೋ ಕಮ್ಮೀನೋ, ಅದ್ ಯೋಳು."

ಯಜಮಾನರು ಡಬ್ಬ ಕೆಳಗಿಟ್ಟರು. "ಸಾರ್, ನಾನು ಹುಳ ಮೇಯೋದು ಕೇಳಿಲ್ಲ" ಎಂದು ಒಪ್ಪಿಕೊಂಡರು.

"ಅಷ್ಟೇ ತಾನೆ? ತತ್ತೀನಿ ಬುಡು!"

ತರುತ್ತೇನೆ ಎಂದರೆ ಯಾರಾದರೂ ನಿಜವಾಗಿ ತರುತ್ತಾರೆಯೇ? ನಮ್ಮ ಮಾವ ತಂದ! ನಾಲ್ಕನೇ ಜ್ವರ ಕಳೆದ ಹುಳಗಳನ್ನು ತಟ್ಟೆಯಲ್ಲಿ ಹರಡಿ, ಮೇಲೆ ತೆಳ್ಳನೆಯ ಒದ್ದೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ಸೊಪ್ಪಿನ ಚೀಲ ಇಟ್ಟುಕೊಂಡು ಬಸ್ಸು ಹತ್ತಿದ. ಕಂಡಕ್ಟರು ಲಗೇಜು ವಿಚಾರಿಸಿದರಂತೆ.

"ಅದೇನ್ ಯಜಮಾನ್ರೇ ತಟ್ಟೇಲಿ?"

"ಉಳ ಕಣಪ್ಪ."

"ಗೂಡೇ ಕಟ್ಟಿಲ್ವಲ್ಲ, ಈಗ್ಲೇ ಯಾವ ಮಾರ್ಕೆಟ್ಗೆ?"

"ಮಾರಕಲ್ಲ. ಫ್ಯಾನ್ ನೋಡಕ್ಕೆ ಮಂಡ್ಯಕ್ಕೆ ಓಯ್ತಾ ಅವೆ."

ಕಂಡಕ್ಟರು ಮಂಡ್ಯ ಬರುವ ತನಕ ಆ ಸೀಟಿನ ಕಡೆ ಮತ್ತೆ ಸುಳಿಯಲಿಲ್ಲವಂತೆ.

ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ನಾನು ಅಂಗಡಿಗೆ ಹೋಗುವಷ್ಟರಲ್ಲಿ ಅಲ್ಲಿ ಪರೀಕ್ಷೆ ಶುರುವಾಗಿತ್ತು. ಬೀದಿ ಬಾಗಿಲು ಮುಚ್ಚಿತ್ತು, ಮೇಲಿನ ಫ್ಯಾನು ನಿಂತಿತ್ತು. ಪ್ರಿಂಟರಿನ ಶಾಯಿ ಕೊಳ್ಳಲು ಬಂದ ಗಿರಾಕಿಯೊಬ್ಬರು ಬೆವರು ಒರೆಸಿಕೊಳ್ಳುತ್ತ, ಹೊರಗೆ ಹೋಗಲೂ ಆಗದೆ, ಮೂಲೆಯಲ್ಲಿ ನಿಂತಿದ್ದರು. ಮೇಜಿನ ಮೇಲೆ ಹುಳಗಳು ಯಾವ ಸಂಕೋಚವೂ ಇಲ್ಲದೆ ಮೇಯುತ್ತಿದ್ದವು. ತಟ್ಟೆಯ ಪಕ್ಕದಲ್ಲಿ ಒಂದಾದ ಮೇಲೊಂದು ಫ್ಯಾನು. ಯಜಮಾನರು ಬಗ್ಗಿ ತಟ್ಟೆಗೆ ಕಿವಿ ಕೊಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲೇ ಅವರಿಗೂ ಹುಚ್ಚು ಹತ್ತಿತು.

"ಸಾರ್, ಈ ಮೂರನೇದು ಹುಳಕ್ಕಿಂತ ಜಾಸ್ತಿ."

"ಐದನೇದು ಹುಳಕ್ಕಿಂತ ಕಮ್ಮಿ ಕಣ್ರೀ, ನಾನು ಕೇಳಿಸ್ಕೊಂಡೆ" ಎಂದರು ಶಾಯಿಯ ಗಿರಾಕಿ, ಮೂಲೆಯಿಂದ.

"ಇಲ್ಲ, ಸಮಸಮ ಇದೆ!" ಎಂದರು ಯಜಮಾನರು.

"ಸುಮ್ಕಿರ್ರಪ್ಪಾ! ಸದ್ದು ಮಾಡ್ಬ್ಯಾಡಿ!" ಎಂದು ಮಾವ ಗುಡುಗಿದ ನೋಡಿ, ಶೋಕೇಸಿನ ಗಾಜು ಅದುರಿತು, ಅಷ್ಟೂ ಹುಳ ಮೇವು ಬಿಟ್ಟು ತಲೆ ಎತ್ತಿದವು. ಅವು ಮತ್ತೆ ಮೇಯಲು ಶುರುಮಾಡುವವರೆಗೂ ನಾವೆಲ್ಲ ಕೈಕಟ್ಟಿ ನಿಂತು ಕಾಯಬೇಕಾಯಿತು.

ಕೊನೆಗೆ ಗೆದ್ದದ್ದು ಅಂಗೈಗಿಂತ ಅಗಲವಾದ, ಮೆಲ್ಲಗೆ ತಿರುಗುವ ಫ್ಯಾನು. ಚಿಕ್ಕ ಫ್ಯಾನು ಜೋರಾಗಿ ತಿರುಗಿ ಅಷ್ಟೇ ಗಾಳಿ ಕೊಡುತ್ತದೆ, ಆದರೆ ಕಿರುಚುತ್ತದೆ ಎಂಬುದನ್ನು ಅವತ್ತು ಕಲಿತೆ. ಕಟಕಟ ಅನ್ನುವ ಹಳೇ ಡಿಸ್ಕಿನ ಬದಲು ತಿರುಗುವ ಭಾಗವೇ ಇಲ್ಲದ ಹೊಸ ನಮೂನೆಯ ಡಿಸ್ಕೂ ಚೀಲ ಸೇರಿತು. ತಕರಾರು ಬಂದದ್ದು ಗೇಮಿನ ವಿಚಾರಕ್ಕೆ.

"ಗೇಮ್ ಆಡ್ಸೋ ಕಾರ್ಡು ಬಿಸಿಯಾಗುತ್ತೆ ಸಾರ್. ಬಿಸಿಯಾದ್ರೆ ಫ್ಯಾನು ಜೋರಾಗಿ ತಿರುಗ್ಲೇಬೇಕು. ನಿಮಗೆ ಸದ್ದಿಲ್ದಿರೋದು ಬೇಕಾ, ಗೇಮ್ ಬೇಕಾ?"

"ಎರಡೂ ಬೇಕು."

"ಎರಡೂ ಒಟ್ಟಿಗೆ ಕಷ್ಟ ಸಾರ್."

"ಕಷ್ಟ ಅಂತ್ಲೇ ನಿನ್ ತಾವ್ಕೆ ಬಂದಿರಾದು. ಸಲೀಸಾಗಿದ್ರೆ ತರ್ಕಾರಿ ಅಂಗ್ಡೀಲೇ ತಗತಿರ್ನಿಲ್ವ?"

ಸಾಮಾನೆಲ್ಲ ಊರು ಸೇರಿತು. ಮುಂದಿನ ಭಾನುವಾರ ನಾನು ಹೋದಾಗ ಹಜಾರದ ನಡುವೆ ಒಂದು ಚಂದ್ರಿಕೆ ಮಲಗಿತ್ತು. ಚಂದ್ರಿಕೆಯೆಂದರೆ ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆ. ಅದರ ಸುತ್ತುಗಳ ಸಂದಿಯಲ್ಲಿ ಹುಳದ ಬದಲು ಸ್ಕ್ರೂಗಳು, ವೈರುಗಳು ಅಚ್ಚುಕಟ್ಟಾಗಿ ಕುಳಿತಿದ್ದವು. ನಾನು ಒಳಗೆ ಕಾಲಿಡುವ ಮುಂಚೆಯೇ ಹುಕುಂ ಬಂತು.

"ಕಾಲ್ ತೊಳ್ಕ! ಬ್ಲೀಚಿಂಗ್ ನೀರಲ್ಲಿ ಕೈ ಅದ್ದು! ತಲೇಲಿರೋ ಮಲ್ಗೆ ಉವ್ವ ತೆಗ್ದು ಜಗ್ಲಿ ಮ್ಯಾಲೆ ಮಡ್ಗು!"

ಹುಳದ ಮನೆಗೆ ಹೋಗುವಾಗಿನ ಮಡಿಯೆಲ್ಲ ಈಗ ಕಂಪ್ಯೂಟರಿಗೆ!

"ಹುಳಕ್ಕೆ ವಾಸನೆ ಆಗಲ್ಲ ಸರಿ. ಇದಕ್ಕೂ ಮೂಗಿದೆಯಾ ಮಾವ?"

"ಇಲ್ಲ ಅಂತ ನೀನೇನ್ ನೋಡಿದ್ದೀಯಾ?"

ಕಂಪ್ಯೂಟರು ಕಟ್ಟುವುದೇನೋ ಆಯಿತು. ಸಿನಿಮಾ ಹಾಕಿದರೆ ಸದ್ದಿಲ್ಲ. ಗೇಮು ಹಾಕಿದರೆ ಮಾತ್ರ ಕಾರ್ಡಿನ ಪುಟ್ಟ ಫ್ಯಾನುಗಳು ಗುಯ್ ಎನ್ನುತ್ತಿದ್ದವು. ಮಾವ ಗಲ್ಲಕ್ಕೆ ಕೈಕೊಟ್ಟು ಯೋಚಿಸಿದ. ಗೂಡಿನೊಳಗಿನ ಹುಳ ಸದ್ದು ಮಾಡುತ್ತದೆಯೇ? ಇಲ್ಲ. ಹಾಗಾದರೆ ಕಂಪ್ಯೂಟರನ್ನೂ ಗೂಡಿನೊಳಗೆ ಹಾಕಿದರಾಯಿತು! ಚಿಟ್ಟೆ ತೂತು ಮಾಡಿ ಬಿಟ್ಟುಹೋದ ಗೂಡುಗಳು ಒಂದು ಮೂಟೆ ಇದ್ದವು. ಅವನ್ನು ಬಟ್ಟೆಗೆ ಸಾಲಾಗಿ ಹೊಲಿದು ಕೌದಿ ಮಾಡಿ ಡಬ್ಬದ ಒಳಗೋಡೆಗೆಲ್ಲ ಅಂಟಿಸಿದ. ಸದ್ದು ನಿಜವಾಗಿ ನಿಂತಿತು. ಕಾಲು ಗಂಟೆಯಲ್ಲಿ ಕಂಪ್ಯೂಟರೂ ನಿಂತಿತು. ಚಳಿಗಾಲದ ರೇಷ್ಮೆ ಹೊದಿಕೆ ಹೊದ್ದ ಪ್ರಾಣಿ ಬೆಂದು ಹೋಗದೆ ಇರುತ್ತದೆಯೇ?

ಮಾವ ಡಬ್ಬದ ಮೈ ಮುಟ್ಟಿ ನೋಡಿ ಗಂಭೀರವಾಗಿ ಹೇಳಿದ: "ಜ್ವರ ಬಂದದೆ."

ಇದು ತಮಾಷೆಗೆ ಹೇಳಿದ್ದೆಂದು ನಾನು ನಕ್ಕು ಮಂಡ್ಯಕ್ಕೆ ವಾಪಸಾದೆ. ತಪ್ಪು ಮಾಡಿದೆ! ಜ್ವರಕ್ಕೆ ಬಿದ್ದ ಹುಳಕ್ಕೆ ರೇಷ್ಮೆಯವರು ಏನು ಮಾಡುತ್ತಾರೆ? ಮೇವು ನಿಲ್ಲಿಸಿ, ತಟ್ಟೆಯಲ್ಲಿ ತೇವ ನಿಲ್ಲದ ಹಾಗೆ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ನಮ್ಮ ಮಾವನೂ ಪ್ಲಗ್ಗು ಕಿತ್ತು, ಗೂಡಿನ ಕೌದಿ ತೆಗೆದು, ಬಟ್ಟೆಯಲ್ಲಿ ಸೋಸಿದ ನಯವಾದ ಸುಣ್ಣದ ಪುಡಿಯನ್ನು ಡಬ್ಬದ ಒಳಕ್ಕೆ ಹದವಾಗಿ ಉದುರಿಸಿದ್ದ. ನಲವತ್ತು ವರ್ಷದ ಕೈ ರೂಢಿ, ಏನು ಮಾಡುವುದು?

ಮುಂದಿನ ಭಾನುವಾರ ಬೆಳಿಗ್ಗೆ, ಹೊಸ ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟ ನಾನು ಸುಮ್ಮನೆ ಒಮ್ಮೆ ಇಣುಕಿ ಹೋಗೋಣ ಎಂದು ಬಂದಿದ್ದೆ. "ಜ್ವರ ಬುಟ್ಟದೆ, ನೋಡ್ ಬಾ" ಎಂದು ಮಾವ ನನ್ನನ್ನು ಡಬ್ಬದ ಮುಂದೆಯೇ ನಿಲ್ಲಿಸಿ ಸ್ವಿಚ್ಚು ಒತ್ತಿದ. ಅಂಗೈಗಿಂತ ಅಗಲವಾದ ಫ್ಯಾನು, ಹುಳ ಮೇಯುವ ಸದ್ದಿಗಿಂತ ಕಮ್ಮಿ ಸದ್ದಿನಲ್ಲಿ, ಅಷ್ಟೂ ಸುಣ್ಣವನ್ನು ನನ್ನ ಮೇಲೆ ಊದಿತು!

ಕಣ್ಣು ಬಿಟ್ಟಾಗ ಹಜಾರವೆಲ್ಲ ಬೆಳ್ಳಗಾಗಿತ್ತು. ಮಾವನ ಮೀಸೆ ಬೆಳ್ಳಗಾಗಿತ್ತು. ಅತ್ತೆ ಜಗಲಿಯಿಂದ ಓಡಿ ಬಂದು, ನನ್ನನ್ನು ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

"ಮಾವನವರೇ," ಎಂದೆ ನಾನು, "ನೀವು ಇಷ್ಟು ಬುದ್ಧಿವಂತರು ಅಂತ ನನಗೆ ಗೊತ್ತಿರಲಿಲ್ಲ."

ಬಹುವಚನ ಬಂತಲ್ಲ? ಮಾವ ಮೂರು ವಾರ ನನಗೆ ಫೋನು ಮಾಡುವ ಧೈರ್ಯ ಮಾಡಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ "ನಿಮ್ಮ ಮಾವ ಹುಷಾರಾಗಿದ್ದಾರಾ?" ಎಂದು ಕೇಳಿದರು.

ಆ ಮೂರು ವಾರದಲ್ಲಿ ಮಾವ ಸುಮ್ಮನೆ ಕುಳಿತಿರಲಿಲ್ಲ. ಬಣ್ಣ ಬಳಿಯುವ ಬ್ರಷ್ಷಿನಿಂದ ಸುಣ್ಣವನ್ನೆಲ್ಲ ಗುಡಿಸಿ ತೆಗೆದ. ಮದ್ದೂರಿನ ಗುಜರಿ ಅಂಗಡಿಯಲ್ಲಿ ಹುಡುಕಿ, ಸಾಲು ಸಾಲು ರೆಕ್ಕೆಗಳಿರುವ ಅಲ್ಯುಮಿನಿಯಂ ತುಂಡೊಂದನ್ನು ತಂದು, ಮಂಡ್ಯದ ಯಜಮಾನರ ಕೈಯಲ್ಲಿ ಕಾರ್ಡಿನ ಬೆನ್ನಿಗೆ ಕೂರಿಸಿದ. ಬಿಸಿಯೆಲ್ಲ ಆ ರೆಕ್ಕೆಗಳಿಗೆ ಹರಿದು, ಅಗಲ ಫ್ಯಾನುಗಳ ಮೆಲ್ಲನೆಯ ಗಾಳಿಗೇ ಆರಿಹೋಗುತ್ತಿತ್ತು. ಪುಟ್ಟ ಫ್ಯಾನುಗಳಿಗೆ ಕೆಲಸವೇ ಇಲ್ಲ. ಡಬ್ಬದ ಕಾಲಿಗೆ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಹಚ್ಚಿದ, ಅದುರು ನೆಲಕ್ಕೆ ಹೋಗದ ಹಾಗೆ. ಫೋನಿನಲ್ಲಿ ಮತ್ತೆ ಗುಡುಗಿದ: "ಎಲ್ಲಾ ಸರ್ಯಾಗದೆ ಕಣವ್ವ! ಬಾ!"

ಹೋದೆ, ಈ ಸಲ ಹತ್ತಿಯ ಸೀರೆ ಉಟ್ಟು. ಸಿನಿಮಾ ಹಾಕಿದ, ಸದ್ದಿಲ್ಲ. ಗೇಮು ಹಾಕಿದ, ಸದ್ದಿಲ್ಲ. ಮಾವನ ಮುಖ ಅರಳಿತು. ಅತ್ತೆಯನ್ನು ಕರೆಯಲು ಬಾಯಿ ತೆರೆದ. ಅಷ್ಟರಲ್ಲಿ ಕರೆಂಟು ಹೋಯಿತು! ಟೀವಿಯ ಕೆಳಗಿದ್ದ ಯುಪಿಎಸ್ಸು ಕೀಂಯ್, ಕೀಂಯ್, ಕೀಂಯ್ ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗತೊಡಗಿತು. ಒಳಗೆ ಕಾಲಿಡುತ್ತಿದ್ದ ಅತ್ತೆ ಕಿವಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ಹಿಂದಕ್ಕೆ ತಿರುಗಿದಳು. ಮಾವ ಸ್ಕ್ರೂಡ್ರೈವರು ಕೈಗೆತ್ತಿಕೊಂಡು ಅದನ್ನು ನೋಡಿದ ನೋಟ ನಾನು ಮರೆಯಲಾರೆ. "ನಿನ್ ಗಂಟ್ಲು ಕುಯ್ದಾಕ್ತೀನಿ" ಎಂದ. ಪ್ಲಗ್ಗು, ಬ್ಯಾಟರಿ ಎರಡನ್ನೂ ಕಳಚಿ, ಒಳಗೆ ಕೂಗುವ ಬಜರಿನ ವೈರು ಕತ್ತರಿಸಿ, ಹೇಳಿದ ಹಾಗೆಯೇ ಮಾಡಿದ.

ಆಮೇಲಿನ ಭಾನುವಾರ ಮಧ್ಯಾಹ್ನ ನಿಜವಾದ ಪರೀಕ್ಷೆ. ಹುಳ ನಾಲ್ಕನೇ ಜ್ವರದಿಂದ ಎದ್ದಿದ್ದವು, ಆಗಷ್ಟೇ ಸೊಪ್ಪು ಹಾಕಿತ್ತು. ಮಾವ ಹುಳದ ಮನೆಯ ಬಾಗಿಲನ್ನು ಬೇಕೆಂದೇ ತೆರೆದಿಟ್ಟಿದ್ದ. ಕಂಪ್ಯೂಟರು ಶುರುವಾಯಿತು. ನಾನು ಸೋಫಾದಲ್ಲಿ ಕುಳಿತು ಕಿವಿಗೊಟ್ಟೆ. ಹುಳ ಮೇಯುವುದು ಕೇಳುತ್ತಿತ್ತು, ಕಂಪ್ಯೂಟರು ಕೇಳುತ್ತಿರಲಿಲ್ಲ.

"ಗೆದ್ದೆ ಮಾವ!" ಎಂದೆ.

"ನೀನ್ ಯೋಳುದ್ರೆ ಆಗಕಿಲ್ಲ" ಎಂದು ಅವನು ಜಗಲಿಗೆ ಹೋದ. ಅತ್ತೆಯ ಮುಂದೆ ಹೋಗಿ ನಿಂತು, ಕೈಸನ್ನೆ ಮಾಡಿ, ಒಳಗೆ ಕರೆತಂದ. ಅತ್ತೆ ಅನುಮಾನದಿಂದಲೇ ಸೋಫಾದ ತುದಿಯಲ್ಲಿ ಕುಳಿತಳು. ಮಾವ ಅವಳ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟ. ಅವಳು ಗೋಡೆಯ ಕಡೆ ಮುಖ ತಿರುಗಿಸಿ, ಡಬ್ಬಿಯಿಂದ ಏನನ್ನೋ ತೆಗೆದು ಕಿವಿಗೆ ಇಟ್ಟುಕೊಂಡು, ಮೇಲೆ ಸೆರಗು ಎಳೆದುಕೊಂಡಳು. ನಾನು ನೋಡಬಾರದೆಂದು ಹಾಗೆ ಮಾಡಿದಳು. ಆದರೆ ನೋಡಿಬಿಟ್ಟೆ.

ಸಿನಿಮಾ ಶುರುವಾದ ಮೇಲೆ ಮಾವ ನನ್ನನ್ನು ಹಿತ್ತಲಿಗೆ ಕರೆದೊಯ್ದ.

"ಮೂರ್ ವರ್ಸ ಆಯ್ತು ಕಣವ್ವ, ಅವಳ್ಗೆ ಕಿವಿ ಕೇಳ್ಸ್ತಿಲ್ಲ. ಯಾರ್ಗೂ ಯೋಳ್ಬ್ಯಾಡಿ ಅಂದ್ಳು, ಮದ್ದೂರಲ್ಲಿರೋ ಮಗಳ್ಗೂ ಯೋಳಿಲ್ಲ. ಮೈಸೂರಲ್ಲಿ ತೋರ್ಸಿ ಈ ಕಿವಿ ಮಿಸೀನ್ ಆಕುಸ್ದೆ. ಅದು ಎಲ್ಲಾನೂ ಎತ್ತಿ ಎತ್ತಿ ಕೇಳುಸ್ತದೆ. ಮಾತ್ಗಿಂತ ಮುಂಚೆ ಫ್ಯಾನೇ ಕಿವಿಗೆ ಬೀಳ್ತದೆ. ತಲೆ ಒಳ್ಗೇ ಅಕ್ಕಿ ಮಿಲ್ಲು ಮಡಗ್ದಂಗಾಯ್ತದೆ ಅಂತ ತೆಗ್ದು ಬೀರೂಲಿ ಇಟ್ಬುಟ್ಳು. ಸಂಕ್ರಾಂತೀಲಿ, ಆ ಕರೆಂಟ್ ಓದ್ ದಿನ, ಪಿಚ್ಚರ್ ನೋಡಕ್ಕೆ ಅಂತ ಸೆರ್ಗೊಳ್ಗೆ ಆಕ್ಕಂಡಿದ್ಳು, ಎರಡ್ ಸಲನೂ ಕಿತ್ತಾಕುದ್ಳು. ಅದಿಲ್ದಿದ್ರೆ ನಾನ್ ಅರ್ಚಿದ್ರೇನೇ ಕೇಳಾದು. ಅರ್ಚಿ ಅರ್ಚಿ ನನ್ ಗಂಟ್ಲೂ ಇಂಗಾಗೋಯ್ತು. ಸದ್ದಿಲ್ದಿರೋ ತಾವ ಒಂದ್ಸಲ ಆಕ್ಕಂಡು ನೋಡ್ಲಿ, ಆಮೇಕೆ ತಾನಾಗೇ ಆಕ್ಕತಾಳೆ ಅಂತ..." ಎಂದು ಅರ್ಧಕ್ಕೇ ನಿಲ್ಲಿಸಿದ.

ನನಗೆ ನಾಚಿಕೆಯಾಯಿತು. ಗತ್ತು ಎಂದಿದ್ದೆವಲ್ಲ! ನೆಂಟರು ಎಂದದ್ದು ಹೋಗಲಿ, ರಜೆ ರಜೆಗೂ ಅದೇ ಮನೆಯ ಅನ್ನ ಉಂಡು ಬೆಳೆದ ನಾನೂ ಎಂದಿದ್ದೆನಲ್ಲ. ಮೂರು ವರ್ಷದಿಂದ ಈ ಮನುಷ್ಯನ ಗಂಟಲನ್ನು ಆಡಿಕೊಂಡು ನಕ್ಕಿದ್ದೆ, ಅದು ಯಾರಿಗಾಗಿ ಅಷ್ಟು ದೊಡ್ಡದಾಯಿತು ಎಂದು ಒಂದು ಸಲವೂ ಕೇಳಿರಲಿಲ್ಲ.

ನಾವು ಒಳಗೆ ಬಂದರೆ ಅತ್ತೆ ಸೋಫಾದ ತುದಿಯಿಂದ ನಡುವಿಗೆ ಸರಿದಿದ್ದಳು. ಸಿನಿಮಾ ಮುಗಿಯುವವರೆಗೂ ಏಳಲಿಲ್ಲ. ಮಾವ ಸಿನಿಮಾ ನೋಡಲೇ ಇಲ್ಲ, ಅವಳನ್ನೇ ನೋಡುತ್ತಿದ್ದ. ಮುಗಿದ ಮೇಲೆ ಗೇಮಿನ ರಿಮೋಟನ್ನು ಅವಳ ಕೈಗಿಟ್ಟ. ಟೀವಿಯಲ್ಲಿ ಒಂದು ಬಸ್ಸು ಬಂದು ನಿಂತಿತು.

"ನಲ್ವತ್ ವರ್ಸದಿಂದ ಮಳವಳ್ಳಿ ಬಸ್ಸಲ್ಲಿ ಕೂತ್ಕಂಡು ಡ್ರೈವರ್ಗಳ್ಗೆ ಬೈದಿದ್ದೀಯಲ್ಲ, ಬ್ರೇಕ್ ಆಕಾಕ್ ಬರಕಿಲ್ಲ ಅಂತ. ತಕ, ನೀನೇ ಓಡ್ಸು."

ಗೇಮು ಯಾರಿಗೆಂದು ಆಗ ಗೊತ್ತಾಯಿತು. ಅತ್ತೆ "ಅಯ್ಯೋ ಬುಡಿ" ಎಂದಳು, ಬಿಡಲಿಲ್ಲ. ಮೊದಲನೇ ತಿರುವಿನಲ್ಲೇ ದೀಪದ ಕಂಬಕ್ಕೆ ಗುದ್ದಿ "ಕಂಬ ಅಡ್ಡ ಬಂತು" ಎಂದಳು. ಎದುರು ಬಂದ ಲಾರಿಗೆ "ಕಣ್ಣಿಲ್ವೇನ್ಲಾ!" ಎಂದು ಬೈದಳು. ಹಾರನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಮಾವ ಒಂದು ಕೈಯನ್ನು ಕಂಪ್ಯೂಟರಿನ ಬೆನ್ನ ಮೇಲಿಟ್ಟು, ಬಿಸಿ ನೋಡುತ್ತ, ಉಸಿರು ಬಿಗಿಹಿಡಿದು ಕುಳಿತಿದ್ದ. ಪುಟ್ಟ ಫ್ಯಾನು ಅಲ್ಲಾಡಲಿಲ್ಲ. ಕೊನೆಗೆ ಅತ್ತೆ ಬಸ್ಸನ್ನು ಸ್ಟಾಪಿನಲ್ಲಿ, ಒಬ್ಬ ಪ್ರಯಾಣಿಕನೂ ಮುಗ್ಗರಿಸದ ಹಾಗೆ, ಮೆತ್ತಗೆ ನಿಲ್ಲಿಸಿದಳು. "ಬ್ರೇಕ್ ಅಂದ್ರೆ ಇಂಗ್ ಆಕ್ಬೇಕು" ಎಂದು ಎಂಜಿನ್ನು ಆರಿಸಿದಳು.

ಹಜಾರ ನಿಶ್ಶಬ್ದವಾಯಿತು. ಅತ್ತೆ ನಗುತ್ತಿದ್ದವಳು ತಟ್ಟನೆ ತಲೆ ಎತ್ತಿದಳು. ರಿಮೋಟು ಕೆಳಗಿಟ್ಟು, ಎದ್ದು, ಹುಳದ ಮನೆಯ ಹೊಸ್ತಿಲಿಗೆ ಹೋಗಿ ನಿಂತು, ಕಣ್ಣು ಮುಚ್ಚಿದಳು. ಸೆರಗು ಕಿವಿಯಿಂದ ಜಾರಿತ್ತು, ಸರಿ ಮಾಡಿಕೊಳ್ಳಲಿಲ್ಲ.

"ಉಳ ಮೇಯ್ತಾ ಅವೆ" ಎಂದಳು.

ನನ್ನ ಕಣ್ಣು ತುಂಬಿ ಬಂತು. ಮಾವ ಏನೋ ಹೇಳಲು ಬಾಯಿ ತೆರೆದ, ಅದೇ ಮೂರು ವರ್ಷದ ರೂಢಿಯಲ್ಲಿ. ಅತ್ತೆ ಕಣ್ಣು ತೆರೆಯದೆಯೇ ಕೈ ಎತ್ತಿ ತಡೆದಳು.

"ಮೆಲ್ಲುಗ್ ಮಾತಾಡಿ. ಆ ಮೂಲೆ ತಟ್ಟೇಲಿ ಸೊಪ್ಪು ಸಾಲ್ದಾಗದೆ, ಓಗ್ ಆಕ್ಬನ್ನಿ."

"ಊಂ" ಎಂದ ಮಾವ. ಪಕ್ಕದಲ್ಲೇ ಕುಳಿತಿದ್ದ ನನಗೆ ಆ ಊಂ ಸರಿಯಾಗಿ ಕೇಳಲಿಲ್ಲ. ಅತ್ತೆಗೆ ಕೇಳಿತು.